ಟಿಕೆಟ್ ಕೈಯಲ್ಲೇ ಇತ್ತು, ಆದರೂ ದಂಡ ಯಾಕೆ ಬಿತ್ತು?

ಪ್ರಶ್ನೆ: ನಾವು ಪ್ರಾಗ್‌ಗೆ ಹೋಗಿದ್ದೆವು. ಮೆಟ್ರೊ ಸ್ಟೇಷನ್ನಿನ ಮಷಿನ್‌ನಲ್ಲಿ ದುಡ್ಡು ಹಾಕಿ, ಟಿಕೆಟ್ ತಗೊಂಡೇ ಟ್ರಾಮ್ ಹತ್ತಿದ್ದು. ಆದರೂ ಚೆಕಿಂಗ್‌ನವರು ದಂಡ ಹಾಕಿದರು. ‘ಊರಿಗೆ ಹೊಸಬರು, ಗೊತ್ತಿರಲಿಲ್ಲ’ ಅಂದರೂ ಬಿಡಲಿಲ್ಲ. ಇದು ಮೋಸ ಅಲ್ವಾ? ಈಗ ನನ್ನ ತಂಗಿ ಮನೆಯವರು ಅದೇ ಕಡೆ ಹೊರಟಿದ್ದಾರೆ. ಪ್ರಾಗ್ ಆದಮೇಲೆ ವಿಯೆನ್ನಾ, ಬುಡಾಪೆಸ್ಟ್. ಅವರಿಗೆ ಏನು ಹೇಳಲಿ?

ಉತ್ತರ: ಮೋಸ ಅಲ್ಲ. ನೀವು ಟಿಕೆಟ್ ಕೊಂಡಿರಿ, ಅದಕ್ಕೆ ಸ್ಟಾಂಪ್ ಹಾಕಿಸಲಿಲ್ಲ. ಪ್ರಾಗ್‌ನಲ್ಲಿ ಕಾಗದದ ಟಿಕೆಟ್ ಚಾಲೂ ಆಗುವುದು ಸ್ಟಾಂಪ್ ಬಿದ್ದ ಗಳಿಗೆಯಿಂದ. ಅಲ್ಲಿಯವರೆಗೆ ಅದನ್ನು ಪರ್ಸಿನಲ್ಲಿ ವಾರಗಟ್ಟಲೆ ಇಟ್ಟುಕೊಳ್ಳಬಹುದು, ಏನೂ ಆಗಲ್ಲ. ಚೆಕಿಂಗ್‌ನವರಿಗೆ ತಲೆನೋವೂ ಅದೇ. ಸ್ಟಾಂಪಿಲ್ಲದ ಒಂದೇ ಟಿಕೆಟ್ ಹಿಡಿದು ಯಾರಾದರೂ ದಿನಾ ಓಡಾಡಬಹುದಲ್ಲ. ಹಾಗಾಗಿ ಸ್ಟಾಂಪ್ ಇಲ್ಲದ್ದು ಅಂದರೆ ಅವರ ಲೆಕ್ಕದಲ್ಲಿ ಟಿಕೆಟ್ಟೇ ಇಲ್ಲ. ಪ್ರವಾಸಿ ಅಂದರೂ ರಿಯಾಯಿತಿ ಸಿಗುವುದಿಲ್ಲ.

ನಮ್ಮವರು ಇಲ್ಲಿ ಎಡವುವುದಕ್ಕೆ ಕಾರಣ ಇದೆ. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರೇ ನಮ್ಮ ಹತ್ತಿರ ಬರುತ್ತಾರೆ. ನಮ್ಮ ಮೆಟ್ರೊದಲ್ಲಾದರೆ ಗೇಟು ಅಡ್ಡ ನಿಲ್ಲುತ್ತದೆ, ತಪ್ಪಿದರೆ ಒಳಗೇ ಬಿಡಲ್ಲ. ಪ್ರಾಗ್‌ನಲ್ಲಿ ಎರಡೂ ಇಲ್ಲ. ಟ್ರಾಮ್‌ನಲ್ಲಿ ಕಂಡಕ್ಟರಿಲ್ಲ. ಡ್ರೈವರ್ ತನ್ನ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ, ಟಿಕೆಟ್ ಮಾರುವುದಿಲ್ಲ. ಮೆಟ್ರೊಗೆ ಗೇಟೂ ಇಲ್ಲ. ಯಾವ ಬಾಗಿಲಿನಿಂದ ಬೇಕಾದರೂ ಹತ್ತಿ, ಯಾರೂ ಕೇಳಲ್ಲ. ನಂಬಿ ಬಿಡುವುದು, ಆಗಾಗ ಹಿಡಿಯುವುದು, ಹಿಡಿದಾಗ ಜೋರಾಗಿ ದಂಡ ಹಾಕುವುದು. ಯುರೋಪಿನ ಎಷ್ಟೋ ಊರುಗಳು ನಡೆಯುತ್ತಿರುವುದೇ ಈ ಲೆಕ್ಕದ ಮೇಲೆ. ಟಿಕೆಟ್ಟಿನ ಪೂರ್ತಿ ಜವಾಬ್ದಾರಿ ಪ್ರಯಾಣಿಕರದು.

ಸ್ಟಾಂಪ್ ಹಾಕುವುದೇನೂ ಕಷ್ಟ ಅಲ್ಲ. ಟ್ರಾಮ್ ಹತ್ತಿದ ತಕ್ಷಣ ಬಾಗಿಲ ಹತ್ತಿರದ ಕಂಬದಲ್ಲಿ ಹಳದಿ ಬಣ್ಣದ ಪುಟ್ಟ ಡಬ್ಬಿ ಕಾಣುತ್ತದೆ. ಟಿಕೆಟ್ ಮೇಲೆ ಬಾಣದ ಗುರುತು ಇರುತ್ತದೆ, ಆ ತುದಿಯನ್ನು ಡಬ್ಬಿಯ ಸೀಳಿನೊಳಗೆ ತಳ್ಳಿ. ಕರ್ ಅಂತ ಸದ್ದು ಬಂದು ತಾರೀಖು, ಗಂಟೆ ಅಚ್ಚಾಗುತ್ತದೆ. ಹೊರಗೆ ತೆಗೆದು ಒಮ್ಮೆ ಕಣ್ಣಾಡಿಸಿ. ಅಚ್ಚು ಸರಿಯಾಗಿ ಬಿದ್ದಿಲ್ಲ ಅಂದರೆ ಅದೇ ಟ್ರಾಮ್‌ನಲ್ಲಿ ಇನ್ನೊಂದು ಡಬ್ಬಿ ಇರುತ್ತದೆ. ಆದರೆ ಒಮ್ಮೆ ಸರಿಯಾಗಿ ಬಿದ್ದ ಮೇಲೆ ಟ್ರಾಮ್ ಬದಲಿಸಿದಾಗಲೆಲ್ಲ ಮತ್ತೆ ಮತ್ತೆ ಒತ್ತಿಸಬೇಡಿ. ಎರಡು ಸ್ಟಾಂಪ್ ಬಿದ್ದ ಟಿಕೆಟ್ ಕೂಡ ನಡೆಯಲ್ಲ.

ಮೆಟ್ರೊದಲ್ಲಿ ಈ ಡಬ್ಬಿ ರೈಲಿನೊಳಗೆ ಇರುವುದಿಲ್ಲ. ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ, ಎಸ್ಕಲೇಟರಿನ ಮೇಲ್ಗಡೆಯೇ ಇರುತ್ತದೆ. ಅದನ್ನು ದಾಟಿದಿರಿ ಅಂದರೆ ಟಿಕೆಟ್ ಬೇಕಾದ ಜಾಗಕ್ಕೆ ಕಾಲಿಟ್ಟ ಹಾಗೆಯೇ ಲೆಕ್ಕ, ರೈಲು ಹತ್ತದೇ ಇದ್ದರೂ ಸರಿ. ‘ಕೆಳಗೆ ಹೋಗಿ ಹಾಕಿಸೋಣ’ ಅಂತ ಇಳಿದವರಿಗೆ ಎಸ್ಕಲೇಟರ್ ಕೊನೆಯಲ್ಲೇ ಚೆಕಿಂಗ್‌ನವರು ಸಿಗಬಹುದು.

ತಂಗಿಗೆ ನಾನು ಹೇಳುವುದಾದರೆ, ಕಾಗದದ ಗೋಜೇ ಬೇಡ. 2019ರಿಂದ ಪ್ರಾಗ್ ಟ್ರಾಮ್‌ಗಳ ಒಳಗೆ ಕಿತ್ತಳೆ ಬಣ್ಣದ ಕಾರ್ಡ್ ಮಷಿನ್ ಬಂದಿದೆ. ಪರದೆಯ ಮೇಲೆ ಟಿಕೆಟ್ ಆರಿಸಿ, ಕಾರ್ಡ್ ತಾಗಿಸಿದರೆ ಆಯಿತು. ಅದು ಕೊಡುವ ಚೀಟಿಯಲ್ಲಿ ಸಮಯ ಮೊದಲೇ ಅಚ್ಚಾಗಿರುತ್ತದೆ, ಹಳದಿ ಡಬ್ಬಿಗೆ ತೋರಿಸುವ ಹಾಗೇ ಇಲ್ಲ. ಆದರೆ ಹತ್ತಿದ ಕೂಡಲೇ ಮಾಡಬೇಕು. ಸೀಟು ಹಿಡಿದು, ಬ್ಯಾಗ್ ಇಟ್ಟು, ಫೋಟೊ ತೆಗೆದು ಆಮೇಲೆ ಅಂದರೆ ಆಗಲ್ಲ.

ಇಲ್ಲಿ ನಮ್ಮ ಕಾರ್ಡ್‌ಗಳದ್ದೇ ಒಂದು ತಕರಾರಿದೆ. ಆರ್‌ಬಿಐ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್ ಕೊಡುವಾಗ ವಿದೇಶದ ಬಳಕೆ ಮತ್ತು ತಾಗಿಸಿ ಕೊಡುವ ಸೌಲಭ್ಯ ಎರಡೂ ಬಂದ್ ಆಗಿರುತ್ತವೆ. ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಬೇಕು. ಹೊರಡುವ ಮುಂಚೆ ಮನೆಯಲ್ಲೇ ಕೂತು ಎರಡನ್ನೂ ಆನ್ ಮಾಡಿ ಅನ್ನಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ನಮ್ಮ ಯುಪಿಐ ಆ ಕಿತ್ತಳೆ ಮಷಿನ್ ಹತ್ತಿರ ಕೆಲಸಕ್ಕೆ ಬರಲ್ಲ.

ಆ್ಯಪ್ ಕೂಡ ಇದೆ, ಪಿಐಡಿ ಲೀತಾಚ್ಕಾ ಅಂತ. ಟಿಕೆಟ್ ಕೊಂಡು ಇಟ್ಟುಕೊಂಡು, ಬೇಕಾದಾಗ ಚಾಲೂ ಮಾಡಬಹುದು. ಒಂದು ಎಚ್ಚರ: ಬಟನ್ ಒತ್ತಿದ ತಕ್ಷಣ ಅದು ನಡೆಯುವುದಿಲ್ಲ, ಸ್ವಲ್ಪ ಹೊತ್ತು ಕಾಯಿಸುತ್ತದೆ. ಚೆಕಿಂಗ್‌ನವರನ್ನು ಕಂಡಾಗ ಒತ್ತಿಬಿಡೋಣ ಅನ್ನುವ ಜಾಣರಿಗಾಗಿಯೇ ಈ ಏರ್ಪಾಡು. ಸ್ಟಾಪಿನಲ್ಲಿ ನಿಂತಾಗಲೇ ಒತ್ತಿಬಿಡಿ. ಫೋನ್ ಚಾರ್ಜ್ ಖಾಲಿಯಾದರೆ ಟಿಕೆಟ್ಟೂ ಇಲ್ಲ ಅನ್ನುವುದು ನೆನಪಿರಲಿ.

ಯಾವ ಟಿಕೆಟ್ ತಗೋಬೇಕು? ಅರ್ಧ ಗಂಟೆ, ಒಂದೂವರೆ ಗಂಟೆ, 24 ಗಂಟೆ, 72 ಗಂಟೆ ಅಂತ ಇವೆ. ಅವಧಿಯೊಳಗೆ ಟ್ರಾಮ್, ಮೆಟ್ರೊ, ಬಸ್ಸು ಎಷ್ಟು ಸಲ ಬದಲಿಸಿದರೂ ಒಂದೇ ಟಿಕೆಟ್ ಸಾಕು. 24 ಗಂಟೆ ಅಂದರೆ ಸ್ಟಾಂಪ್ ಬಿದ್ದಾಗಿನಿಂದ ಮಾರನೇ ದಿನ ಅದೇ ಹೊತ್ತಿನವರೆಗೆ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿದರೆ ನಾಳೆ ಬೆಳಗ್ಗಿನ ಸುತ್ತಾಟವೂ ಅದರಲ್ಲೇ ಮುಗಿಯುತ್ತದೆ. ಅರ್ಧ ಗಂಟೆಯದ್ದು ಅಗ್ಗ ಅಂತ ಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹೊಸ ಊರಲ್ಲಿ ಒಂದು ಸ್ಟಾಪು ತಪ್ಪಿದರೆ, ಒಂದು ಟ್ರಾಮ್ ಕೈಬಿಟ್ಟರೆ ಅರ್ಧ ಗಂಟೆ ಕಳೆದೇ ಹೋಗುತ್ತದೆ. ಹತ್ತುವಾಗ ಇದ್ದರೆ ಸಾಲದು, ಇಳಿಯುವವರೆಗೂ ಅವಧಿ ಇರಬೇಕು. 15 ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಹತ್ತು ದಾಟಿದ ಮಕ್ಕಳ ವಯಸ್ಸಿಗೆ ದಾಖಲೆ ಕೇಳಬಹುದು. ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.

ಚೆಕಿಂಗ್‌ನವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ. ಅಂಗೈಯಲ್ಲಿ ಲೋಹದ ಬ್ಯಾಡ್ಜ್ ತೋರಿಸುತ್ತಾರೆ, ಅದರ ಮೇಲೆ ನಂಬರ್ ಇರುತ್ತದೆ. ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ, ದುಡ್ಡು ಕೊಟ್ಟರೆ ರಸೀದಿ ಇಲ್ಲದೆ ಬಿಡಬೇಡಿ. ಸ್ಥಳದಲ್ಲೇ ಕಟ್ಟಿದರೆ ದಂಡ ಕಡಿಮೆ, ಆಮೇಲೆ ಅಂದರೆ ಜಾಸ್ತಿ. ಕಡಿಮೆ ಅಂದರೂ ಸಾವಿರ ಕೊರುನಕ್ಕೆ ಇಳಿಯಲ್ಲ, ನಮ್ಮ ದುಡ್ಡಲ್ಲಿ ಮೂರೂವರೆ ಸಾವಿರದ ಮೇಲೇ. ನೀವು ಕಟ್ಟಿದ್ದು ವಾಪಸ್ ಬರುವ ಆಸೆ ಬಿಟ್ಟುಬಿಡಿ.

ಇಷ್ಟು ಹೆದರಿಸಿದ್ದಕ್ಕೆ ಟ್ರಾಮ್ ಬೇಡವೇ ಬೇಡ ಅಂದುಬಿಟ್ಟಾರು. ಹಾಗೆ ಮಾಡಬೇಡಿ ಅನ್ನಿ. 22ನೇ ನಂಬರ್ ಒಂದೇ ಸಾಕು. ಹೊಳೆ ದಾಟಿ, ಮಲೋಸ್ತ್ರಾನ್ಸ್ಕಾ ಸ್ಟಾಪಿನ ಹತ್ತಿರ ತಿರುಗಿ, ಏರು ಹತ್ತಿ ಪ್ರಾಗ್ ಕೋಟೆಯ ಪಕ್ಕದವರೆಗೆ ಒಯ್ಯುತ್ತದೆ. ಪ್ರವಾಸಿಗರು ತುಂಬಿರುತ್ತಾರೆ, ಜೇಬುಗಳ್ಳರಿಗೂ ಅದೇ ಇಷ್ಟ. ಬ್ಯಾಗ್ ಎದೆ ಮೇಲಿರಲಿ. ಸ್ಟಾಪಿನ ಘೋಷಣೆಯಲ್ಲಿ ಮೊದಲು ಈಗ ಬಂದ ಸ್ಟಾಪಿನ ಹೆಸರು, ಆಮೇಲೆ ಮುಂದಿನದರ ಹೆಸರು ಹೇಳುತ್ತಾರೆ. ಎರಡನೆಯದು ಕಿವಿಗೆ ಬಿದ್ದು, ಅದೇ ಅಂದುಕೊಂಡು ಒಂದು ಸ್ಟಾಪ್ ಮೊದಲೇ ಇಳಿದುಬಿಡುವವರಿದ್ದಾರೆ. ಹಳೇ ಕಾಲದ ಕೆಂಪು ಬಿಳುಪಿನ ಟಾಟ್ರಾ ಟಿ3 ಗಾಡಿ ಇಷ್ಟವಾದರೆ 23ನೇ ನಂಬರಿನಲ್ಲಿ ಸಾಮಾನ್ಯ ಟಿಕೆಟ್ಟಿಗೇ ಹತ್ತಬಹುದು. 42ನೇ ನಂಬರ್ ಪ್ರವಾಸಿಗರ ಪಾರಂಪರಿಕ ಟ್ರಾಮ್, ಅದಕ್ಕೆ ಬೇರೆ ಟಿಕೆಟ್. ಕಂಡಕ್ಟರ್ ಬೇಕೇ ಬೇಕು ಅನ್ನುವವರಿಗೆ ಅಲ್ಲಿ ಸಿಗುತ್ತಾರೆ! ಇನ್ನೊಂದು, ಇದು ಟಿಕೆಟ್ಟಿಗಿಂತ ಮುಖ್ಯ: ಚೆಕ್ ದೇಶದಲ್ಲಿ ಜೀಬ್ರಾ ಪಟ್ಟೆ ಮೇಲೂ ಟ್ರಾಮ್‌ಗೇ ಮೊದಲ ಹಕ್ಕು. ಕಾರು ನಿಂತಿತು ಅಂತ ಮುನ್ನುಗ್ಗಬೇಡಿ.

ವಿಯೆನ್ನಾದಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ, ಡಬ್ಬಿ ಮಾತ್ರ ನೀಲಿ. ಮಷಿನ್‌ನಲ್ಲಿ ಕೊಳ್ಳುವಾಗ ‘ಈಗಲೇ ಚಾಲೂ ಮಾಡಲೇ, ಆಮೇಲೆಯೇ’ ಅಂತ ಕೇಳುತ್ತದೆ. ಈಗಲೇ ಅಂದರೆ ಸ್ಟಾಂಪಿನ ಚಿಂತೆಯೇ ಇಲ್ಲ. ಅಲ್ಲಿನ ಒಂದು ಸಲದ ಟಿಕೆಟ್‌ನಲ್ಲಿ ಗಾಡಿ ಬದಲಿಸಬಹುದು, ಆದರೆ ಹೋದ ದಾರಿಯಲ್ಲೇ ವಾಪಸ್ ಬರುವ ಹಾಗಿಲ್ಲ. ದಂಡ ನೂರು ಯೂರೋ ದಾಟುತ್ತದೆ.

ಬುಡಾಪೆಸ್ಟ್‌ನಲ್ಲಿ ಮಾತ್ರ ಪ್ರಾಗ್‌ನ ಅಭ್ಯಾಸ ಕೈಕೊಡುತ್ತದೆ. ಅಲ್ಲಿನ ಮಾಮೂಲಿ ಬಿಡಿ ಟಿಕೆಟ್ ಒಂದು ಸವಾರಿಗಷ್ಟೇ. ಒಂದು ಮೆಟ್ರೊದಿಂದ ಇನ್ನೊಂದು ಮೆಟ್ರೊಗೆ ಹೋಗಬಹುದು. ಟ್ರಾಮ್‌ನಿಂದ ಟ್ರಾಮ್‌ಗೆ ಬದಲಿಸಿದರೆ ಹೊಸ ಟಿಕೆಟ್, ಹೊಸ ಸ್ಟಾಂಪ್. ಡಾನ್ಯೂಬ್ ದಂಡೆಯ 2ನೇ ನಂಬರ್ ಟ್ರಾಮ್‌ನಲ್ಲಿ ಹತ್ತಿ ಇಳಿದು ಮಾಡುವ ಆಸೆ ಇದ್ದೇ ಇರುತ್ತದೆ, ಹಾಗಾಗಿ ತಂಗಿ ಮನೆಯವರು ಅಲ್ಲಿ 24 ಅಥವಾ 72 ಗಂಟೆಯದ್ದನ್ನೇ ತಗೊಳ್ಳಲಿ.