ಮೀನಖಂಡ ಅದುರಿದಾಗ ಹುಟ್ಟುವ ಭಯ

ಮೀನಖಂಡದ ಚರ್ಮದಡಿ ಏನೋ ಮಿಡಿಯುತ್ತದೆ. ಒಮ್ಮೆ ಗಮನ ಅತ್ತ ಹೋದರೆ ತೊಡೆಯಲ್ಲೂ ತೋಳಿನಲ್ಲೂ ರೆಪ್ಪೆಯಲ್ಲೂ ಅದೇ ಕಾಣತೊಡಗುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಎದುರಾಗುವ ಹೆಸರು ಎಎಲ್‌ಎಸ್, ಅಂದರೆ ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುತ್ತ ಹೋಗುವ, ಇನ್ನೂ ಗುಣಪಡಿಸಲಾಗದ ಕಾಯಿಲೆ. ಅಂದಿನಿಂದ ನಿದ್ದೆ ಕೆಡುತ್ತದೆ. ಹೀಗೆ ಹೆದರುವವರಿಗೆ 'ಏನೂ ಇಲ್ಲ, ಸುಮ್ಮನಿರಿ' ಎಂದು ಹೇಳಿ ಕಳಿಸುವುದು ಅನ್ಯಾಯ. ಅದುರುವುದಂತೂ ನಿಜ. ಅದು ಏಕೆ ಅದುರುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು.

ಬೆನ್ನುಹುರಿಯಲ್ಲಿರುವ ಒಂದು ಚಾಲಕ ನರಕೋಶದ ತಂತು ಸ್ನಾಯುವಿನ ಅನೇಕ ಎಳೆಗಳಿಗೆ ಕವಲೊಡೆದಿರುತ್ತದೆ. ಕಾಲಿನ ದೊಡ್ಡ ಸ್ನಾಯುಗಳಲ್ಲಿ ಈ ಸಂಖ್ಯೆ ಸಾವಿರ ದಾಟಬಹುದು. ಮೆದುಳಿನ ಅಪ್ಪಣೆ ಇಲ್ಲದೆ ಆ ತಂತು ತಾನಾಗಿ ಒಂದು ಸಲ ಮಿಡಿದರೆ ಅದಕ್ಕೆ ಸೇರಿದ ಎಳೆಗಳೆಲ್ಲ ಒಟ್ಟಿಗೆ ಸೆಳೆದುಕೊಳ್ಳುತ್ತವೆ, ಚರ್ಮ ಅಲುಗುತ್ತದೆ. ಆರೋಗ್ಯವಂತರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ಹೊತ್ತು ಹೀಗಾಗಿರುತ್ತದೆ. ನಿದ್ದೆಗೇಡು, ಹೆಚ್ಚು ಕಾಫಿ, ರೂಢಿಯಿಲ್ಲದ ವ್ಯಾಯಾಮ, ಉದ್ವೇಗ ಇವೆಲ್ಲ ನರವನ್ನು ಕೆರಳಿಸುತ್ತವೆ. ಆಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್, ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್, ರಕ್ತದಲ್ಲಿ ಇಳಿದ ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂ ಕೂಡ ಕಾರಣವಾಗಬಹುದು. ಇವನ್ನು ಸರಳ ರಕ್ತಪರೀಕ್ಷೆಯಲ್ಲಿ ಹಾಗೂ ಔಷಧಿಗಳ ಪಟ್ಟಿ ನೋಡಿ ಪತ್ತೆಹಚ್ಚಬಹುದು.

ಎಎಲ್‌ಎಸ್‌ನಲ್ಲೂ ಸ್ನಾಯು ಅದುರುತ್ತದೆ, ಆದರೆ ರೋಗಿಯನ್ನು ವೈದ್ಯರ ಬಳಿಗೆ ತರುವುದು ಸಾಮಾನ್ಯವಾಗಿ ಬಲ ಕುಂದುವಿಕೆ. ಅಂಗಿಯ ಗುಂಡಿ ಹಾಕಲಾಗದು, ಬೀಗದ ಕೈ ತಿರುಗಿಸಲಾಗದು, ಪಾದದ ಮುಂಭಾಗ ಮೇಲೇಳದೆ ಮುಗ್ಗರಿಸುವಂತಾಗುತ್ತದೆ, ಮಾತು ತೊದಲುತ್ತದೆ. ಇದು ವಾರ, ತಿಂಗಳು ಕಳೆದಂತೆ ಒಂದೇ ದಿಕ್ಕಿನಲ್ಲಿ ಹೆಚ್ಚುತ್ತ ಹೋಗುತ್ತದೆ. ಕೈ ಭಾರ ಎನಿಸುವುದು ಬೇರೆ, ಕೈ ಎತ್ತಲಾಗದಿರುವುದು ಬೇರೆ. ಬೆಳಿಗ್ಗೆ 'ಸೋತಂತಿದ್ದ' ಕಾಲು ಸಂಜೆ ಮೆಟ್ಟಿಲು ಹತ್ತಿದರೆ ಅದು ಈ ಕಾಯಿಲೆಯ ನಡೆ ಅಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಇದು ಹೊಸದಾಗಿ ಬರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಬಲಹೀನತೆ ಇಲ್ಲದೆ ಬರೀ ಅದುರುವಿಕೆ ಇದ್ದ 121 ಜನರನ್ನು 2ರಿಂದ 32 ವರ್ಷಗಳವರೆಗೆ ಗಮನಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಒಬ್ಬರಿಗೂ ಎಎಲ್‌ಎಸ್ ಬಂದಿರಲಿಲ್ಲ.

ಹಾಗಿದ್ದರೂ ಭಯ ಏಕೆ ಬಿಡುವುದಿಲ್ಲ? ಮನೆಯಲ್ಲಿ ಮಾಡಿಕೊಳ್ಳುವ ಪರೀಕ್ಷೆಗಳೇ ಅದನ್ನು ಸಾಕುತ್ತವೆ. ನಾಲಿಗೆಯನ್ನೇ ನೋಡಿ. ಕನ್ನಡಿಯ ಮುಂದೆ ಹೊರಚಾಚಿದರೆ ಯಾರ ನಾಲಿಗೆಯಾದರೂ ನಡುಗುತ್ತದೆ, ಏಕೆಂದರೆ ಆಗ ಅದರ ಸ್ನಾಯುಗಳು ದುಡಿಯುತ್ತಿರುತ್ತವೆ. ನರರೋಗ ತಜ್ಞರು ನೋಡುವುದು ಬಾಯಿ ತೆರೆದು, ನಾಲಿಗೆ ಕೆಳದವಡೆಯ ಮೇಲೆ ಸಡಿಲವಾಗಿ ಮಲಗಿರುವಾಗ. ಮನೆಯ ಪರೀಕ್ಷೆ ನಡೆಯುವುದೇ ತಪ್ಪು ಸ್ಥಿತಿಯಲ್ಲಿ, ಉತ್ತರ ಪ್ರತಿಸಲವೂ 'ಹೌದು, ನಡುಗುತ್ತಿದೆ'. ತುದಿಗಾಲಲ್ಲಿ ದಿನಕ್ಕೆ ಹತ್ತಾರು ಸಲ ನಿಂತು ಬಲ ನೋಡಿಕೊಳ್ಳುವವರ ಮೀನಖಂಡ ದಣಿಯುತ್ತದೆ, ದಣಿದ ಸ್ನಾಯು ಇನ್ನಷ್ಟು ಅದುರುತ್ತದೆ, ಮರುದಿನದ ನೋವು ರೋಗ ಹಬ್ಬಿದ ಸಾಕ್ಷಿಯಂತೆ ಕಾಣುತ್ತದೆ. ಟೇಪು ಹಿಡಿದು ಎರಡೂ ಮುಂಗೈ ಅಳೆಯುವವರಿಗೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಬಲಗೈ ಬಳಸುವವರ ಬಲ ಮುಂಗೈ ತುಸು ದಪ್ಪಗಿರುವುದು ಸಹಜ.

ಜೋಮಿನ ಕಥೆಯೂ ಹೀಗೆಯೇ. ಹೆದರಿದಾಗ ಉಸಿರಾಟ ವೇಗವಾಗಿ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಕ್ಷಾರೀಯವಾಗುತ್ತದೆ, ನರಗಳನ್ನು ಹದದಲ್ಲಿಡುವ ಮುಕ್ತ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಆಗ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರತಂತುಗಳ ಹೊದಿಕೆ ಹಾಳಾಗುವ ಕಾಯಿಲೆ) ಎಂದುಕೊಂಡು ಗಾಬರಿಯಾದರೆ ಉಸಿರು ಇನ್ನೂ ಏರುತ್ತದೆ.

ಒಮ್ಮೆ ನರರೋಗ ತಜ್ಞರಿಗೆ ತೋರಿಸುವುದು ಸರಿ. ಅವರು ಸ್ನಾಯುಬಲವನ್ನು 0ರಿಂದ 5ರ ಅಳತೆಯಲ್ಲಿ ಗುರುತಿಸುತ್ತಾರೆ, ಸುತ್ತಿಗೆಯಿಂದ ಪ್ರತಿವರ್ತನೆ ನೋಡುತ್ತಾರೆ, ಅಂಗಾಲು ಗೀರುತ್ತಾರೆ, ಸ್ನಾಯು ಸವೆದಿದೆಯೇ ಎಂದು ಗಮನಿಸುತ್ತಾರೆ. ಸಂದೇಹವಿದ್ದರೆ ಇಎಂಜಿ ಮಾಡಿಸುತ್ತಾರೆ. ತೆಳು ಸೂಜಿಯನ್ನು ಸ್ನಾಯುವಿಗೆ ಚುಚ್ಚಿ, ವಿಶ್ರಾಂತಿಯಲ್ಲೂ ಹಿಡಿತದಲ್ಲೂ ಅದರ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ ಇದು. ಎಲ್ಲವೂ ಸರಿಯಿದ್ದ ಮೇಲೆ ಬೇರೆ ಬೇರೆ ಕಡೆ ಮತ್ತೆ ಮತ್ತೆ ಮಾಡಿಸುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. 'ಸುಮ್ಮನೆ ನೋಡೋಣ' ಎಂದು ಮಾಡಿಸಿದ ಮೆದುಳಿನ ಎಂಆರ್‌ಐನಲ್ಲಿ ವಯಸ್ಸಿಗೆ ಸಹಜವಾದ ಬಿಳಿ ಚುಕ್ಕೆಯೋ ನಿರುಪದ್ರವಿ ನೀರುಗುಳ್ಳೆಯೋ ಕಾಣಬಹುದು. ಅದು ಮುಂದಿನ ಭಯಕ್ಕೆ ಬೀಜ.

ಕಾಯಬಾರದ ಲಕ್ಷಣಗಳೂ ಇವೆ. ಹಠಾತ್ತನೆ ಮುಖ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಬಿದ್ದುಹೋದರೆ, ಮಾತು ತಡವರಿಸಿದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕ್ಷಣದಲ್ಲಿ ಸ್ಫೋಟಿಸುವ ತಲೆನೋವು, ಮೊದಲ ಬಾರಿಯ ಫಿಟ್ಸ್, ತೊಡೆಸಂದಿಯ ಸುತ್ತ ಮರಗಟ್ಟಿ ಮೂತ್ರ ಕಟ್ಟುವುದು, ಇವಕ್ಕೂ ತಕ್ಷಣ ಆಸ್ಪತ್ರೆ ಸೇರಬೇಕು.

ಉಳಿದ ಭಯಕ್ಕೆ ಮದ್ದು ತಪಾಸಣೆಯನ್ನು ಇಳಿಸುವುದು. ಪ್ರತಿ ತಪಾಸಣೆಯೂ ಕೆಲವು ನಿಮಿಷ ಸಮಾಧಾನ ಕೊಡುತ್ತದೆ, ಆ ಸಮಾಧಾನವೇ ಮುಂದಿನ ತಪಾಸಣೆಗೆ ಎಳೆಯುತ್ತದೆ. ಮೊದಲ ವಾರ ಏನನ್ನೂ ಬದಲಿಸದೆ ಎಷ್ಟು ಸಲ ನೋಡಿಕೊಂಡಿರಿ, ಹುಡುಕಿದಿರಿ, ಮನೆಯವರನ್ನು ಕೇಳಿದಿರಿ ಎಂದು ಬರೆದಿಡಿ. ಆಮೇಲೆ ಒಂದೇ ಒಂದು ಅಭ್ಯಾಸ ಆರಿಸಿ, ಆಸೆ ಹುಟ್ಟಿದಾಗ 15 ನಿಮಿಷ ಮುಂದೂಡಿ, ಒಗ್ಗಿದ ಮೇಲೆ ಅರ್ಧ ಗಂಟೆ, ನಂತರ ಒಂದು ದಿನ. ಮೊದಮೊದಲು ಕಳವಳ ಏರುತ್ತದೆ. ಬಹಳಷ್ಟು ಜನ ಕೈಬಿಡುವುದು ಇಲ್ಲೇ, ವಿಧಾನ ಫಲಿಸುತ್ತಿಲ್ಲ ಎಂದುಕೊಂಡು. ಏರಿದ ಕಳವಳ ತಾನಾಗಿ ಇಳಿಯುವುದನ್ನು ಅನುಭವಿಸುವುದೇ ಇಲ್ಲಿನ ಚಿಕಿತ್ಸೆ. ಮನೆಯವರೂ 'ಏನೂ ಆಗಿಲ್ಲ' ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವುದನ್ನು, ಮೊದಲೇ ಮಾತಾಡಿಕೊಂಡು, ನಿಲ್ಲಿಸಬೇಕು. ಗಂಭೀರ ಕಾಯಿಲೆಯ ಚಿಂತೆ ಆರು ತಿಂಗಳು ದಾಟಿ ಕೆಲಸ, ನಿದ್ದೆ ಕೆಡಿಸಿದ್ದರೆ ಮನೋವೈದ್ಯರನ್ನು ಕಾಣಿ, ಅಷ್ಟು ಕಾಯಲೇಬೇಕೆಂದೂ ಇಲ್ಲ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಗತ್ಯವಿದ್ದರೆ ಖಿನ್ನತೆ, ಕಳವಳ ತಗ್ಗಿಸುವ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನೂ ಕೊಡುತ್ತಾರೆ. ಅವುಗಳ ಗುಣ ಕಾಣಲು ಕೆಲವು ವಾರ ಬೇಕು, ಆರಂಭದಲ್ಲಿ ನಡುಕ ಅಥವಾ ಚಡಪಡಿಕೆ ತುಸು ಹೆಚ್ಚಬಹುದು. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿ ಅದನ್ನೂ ನರರೋಗದ ಲಕ್ಷಣವೆಂದೇ ಓದಿಕೊಂಡು ಮಾತ್ರೆ ಬಿಟ್ಟುಬಿಡುತ್ತಾರೆ.