ಪರವಾನಗಿ ಬೇರೆ, ಮಾನ್ಯತೆ ಬೇರೆ: ಆಸ್ಪತ್ರೆಯ ಗೋಡೆಯನ್ನು ಓದುವ ಬಗೆ

ಬೆಂಗಳೂರಿನ ಯಾವುದೇ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಗೆ ಹೋಗಿ, ಹಣ ಕಟ್ಟುವ ಕೌಂಟರಿನ ಸುತ್ತಮುತ್ತ ಕಣ್ಣಾಡಿಸಿ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಸ್ಕ್ಯಾನಿಂಗ್ ಕೋಣೆಯ ಹೊರಗೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕ, ಇವೆಲ್ಲಕ್ಕಿಂತ ದೊಡ್ಡದಾಗಿ, ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಸಂಸ್ಥೆಯ ಲಾಂಛನ. ಓದುಬರಹ ಬಲ್ಲವರೂ ಇವೆಲ್ಲವನ್ನು ಒಂದೇ ರಾಶಿಗೆ ಹಾಕಿಬಿಡುತ್ತಾರೆ. 'ಎನ್‌ಎಬಿಎಚ್ ಇಲ್ಲದ ಆಸ್ಪತ್ರೆ ಅನಧಿಕೃತ' ಎಂದು ವಾದಿಸುವವರಿದ್ದಾರೆ. 'ಎನ್‌ಎಬಿಎಚ್ ಇದೆಯಲ್ಲ, ಇನ್ನೇನು ಚಿಂತೆ' ಎನ್ನುವವರು ಅವರಿಗಿಂತ ಹೆಚ್ಚು. ಮೊದಲನೆಯದು ತಪ್ಪು ತಿಳಿವಳಿಕೆ ಮಾತ್ರ, ಎರಡನೆಯದು ಅಪಾಯಕಾರಿ.

ಪರವಾನಗಿಯ ವಿಷಯ ಸರಳವಾಗಿದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ನೋಂದಣಿಯಾಗದೆ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕಾಗಲಿ ಆಸ್ಪತ್ರೆಯಾಗಲಿ ನಡೆಸುವಂತಿಲ್ಲ. ನಡೆಸಿದರೆ ಅದು ಅಪರಾಧ, ಜೈಲಿಗೂ ದಾರಿ. ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಕನಿಷ್ಠ ಅಗತ್ಯಗಳು ಇಲ್ಲಿ ಇವೆಯೇ, ಬಾಗಿಲು ತೆರೆಯಬಹುದೇ ಎಂಬುದಷ್ಟೇ ಅದು ಕೇಳುವ ಪ್ರಶ್ನೆ. ಅಲ್ಲಿ ನಡೆಯುವ ಚಿಕಿತ್ಸೆ ಎಷ್ಟು ಒಳ್ಳೆಯದೆಂದು ಅದು ಹೇಳುವುದಿಲ್ಲ, ಹೇಳುವ ಉದ್ದೇಶವೂ ಅದಕ್ಕಿಲ್ಲ.

ಬಾಗಿಲು ತೆರೆದ ಮೇಲೆ ಶುರುವಾಗುವುದು ನಿಯಂತ್ರಣ. ಇದನ್ನು ಹತ್ತಿರದಿಂದ ನೋಡಬೇಕೆಂದರೆ ಎಕ್ಸ್-ರೇ ಕೋಣೆಯ ತಂತ್ರಜ್ಞರ ಎದೆಯ ಮೇಲೆ ಸಿಕ್ಕಿಸಿರುವ ಪುಟ್ಟ ಬ್ಯಾಡ್ಜ್ ನೋಡಿ. ಟಿಎಲ್‌ಡಿ ಬ್ಯಾಡ್ಜ್ ಎನ್ನುತ್ತಾರೆ. ಅದರೊಳಗೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ತೆಳುಬಿಲ್ಲೆಗಳಿರುತ್ತವೆ. ವಿಕಿರಣ ತಾಗಿದಾಗ ಆ ಹರಳುಗಳಲ್ಲಿ ಕೆಲವು ಎಲೆಕ್ಟ್ರಾನುಗಳು ತಮ್ಮ ಜಾಗ ಬಿಟ್ಟು ಹರಳಿನ ದೋಷಸ್ಥಾನಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತವೆ. ಮೂರು ತಿಂಗಳಿಗೊಮ್ಮೆ ಬ್ಯಾಡ್ಜ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಬಿಲ್ಲೆಯನ್ನು ಬಿಸಿ ಮಾಡಿದರೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಬೆಳಕು ಚೆಲ್ಲುತ್ತವೆ. ಎಷ್ಟು ಬೆಳಕೋ ಅಷ್ಟು ವಿಕಿರಣ. ಒಬ್ಬ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 30, ಇದು ನಮ್ಮ ದೇಶದ ಮಿತಿ. ಮೀರಿದರೆ ಆಸ್ಪತ್ರೆ ಉತ್ತರ ಕೊಡಬೇಕು. ಕೇಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಯಂತ್ರದ ಬಳಕೆಯನ್ನು ನಿಲ್ಲಿಸುವ ಅಧಿಕಾರವೂ ಅದಕ್ಕಿದೆ. ಈ ಇಡೀ ವ್ಯವಸ್ಥೆಯಲ್ಲಿ ಆಸ್ಪತ್ರೆಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಕೇಳಲೂಬಾರದು.

ಹೀಗಾಗಿಯೇ ನಿಯಂತ್ರಣವೆಂದರೆ ಜಗಳವೂ ಹೌದು. 2017ರ ನವೆಂಬರಿನಲ್ಲಿ ಕೆಪಿಎಂಇ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಬೆಳಗಾವಿಯಲ್ಲಿ ಧರಣಿ ಕುಳಿತರು, ರಾಜ್ಯದಾದ್ಯಂತ ಹೊರರೋಗಿ ವಿಭಾಗಗಳು ಮುಚ್ಚಿದವು, ರೋಗಿಗಳು ಬಹಳ ಕಷ್ಟಪಟ್ಟರು. ಕಡೆಗೆ ಕೆಲವು ಅಂಶಗಳು ಸಡಿಲಗೊಂಡು ಮಸೂದೆ ಅಂಗೀಕಾರವಾಯಿತು. ಬಿಲ್ ಬಾಕಿಯಿದೆಯೆಂದು ಶವವನ್ನು ತಡೆಹಿಡಿಯುವಂತಿಲ್ಲ ಎಂಬುದು ಕಾನೂನಾಗಿದ್ದು ಆಗಲೇ. ಎನ್‌ಎಬಿಎಚ್ ವಿರುದ್ಧ ಅಂಥ ಧರಣಿ ನಡೆಯುವ ಪ್ರಸಂಗವೇ ಇಲ್ಲ. ಬೇಡವಾದ ಆಸ್ಪತ್ರೆ ಅರ್ಜಿ ಹಾಕದಿದ್ದರೆ ಮುಗಿಯಿತು.

ಅಕ್ರೆಡಿಟೇಶನ್ ಅಥವಾ ಗುಣಮಟ್ಟದ ಮಾನ್ಯತೆಯ ಜೀವಾಳವೇ ಇದು. ಆಸ್ಪತ್ರೆ ತಾನಾಗಿ ಮುಂದೆ ಬಂದು, ಶುಲ್ಕ ಕಟ್ಟಿ, 'ಬನ್ನಿ, ನಮ್ಮನ್ನು ಪರೀಕ್ಷಿಸಿ' ಎನ್ನುತ್ತದೆ. ಎನ್‌ಎಬಿಎಚ್ ಭಾರತೀಯ ಗುಣಮಟ್ಟ ಮಂಡಳಿಯ ಒಂದು ಅಂಗ. ಸರ್ಕಾರವೂ ಉದ್ಯಮ ಸಂಘಟನೆಗಳೂ ಸೇರಿ ಕಟ್ಟಿದ ಸಂಸ್ಥೆಯೇ ಹೊರತು ಆರೋಗ್ಯ ಇಲಾಖೆಯ ಕಚೇರಿಯಲ್ಲ. ಪರೀಕ್ಷಿಸಲು ಬರುವವರು ಬೇರೆ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಪಳಗಿದ ವೈದ್ಯರು, ದಾದಿಯರು, ಆಡಳಿತಗಾರರು. 2020ರ ಐದನೇ ಆವೃತ್ತಿಯ ಮಾನದಂಡಗಳಲ್ಲಿ 10 ಅಧ್ಯಾಯ, 100 ಮಾನದಂಡ, ಅವುಗಳಡಿ 651 ಅಂಶಗಳಿದ್ದವು. ನಪಾಸಾದವರಿಗೆ ಜೈಲಿಲ್ಲ, ದಂಡವಿಲ್ಲ. ಪತ್ರ ಸಿಗುವುದಿಲ್ಲ, ಅಷ್ಟೇ.

ಈ ಯೋಚನೆ ಹುಟ್ಟಿದ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರಚಿಕಿತ್ಸಕರಿದ್ದರು. ಪ್ರತಿ ರೋಗಿಯ ಸ್ಥಿತಿಯನ್ನು ಚಿಕಿತ್ಸೆಯ ನಂತರವೂ ವಿಚಾರಿಸಬೇಕು, ಗುಣವಾಗದಿದ್ದರೆ ಏಕೆಂದು ಬರೆದಿಡಬೇಕು, ಅದನ್ನು ಜನರ ಮುಂದಿಡಬೇಕು ಎಂಬುದು ಅವರ ಹಟ. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. ಕಾಡ್‌ಮನ್ ತಮ್ಮದೇ ಸಣ್ಣ ಆಸ್ಪತ್ರೆ ನಡೆಸಿದರು. 1911ರಿಂದ 1916ರವರೆಗೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ವಿಷಯದಲ್ಲಿ ಆದ 123 ತಪ್ಪುಗಳನ್ನು ತಾವೇ ಅಚ್ಚು ಹಾಕಿಸಿ ಪ್ರಕಟಿಸಿದರು. ಇಂದಿಗೂ ಆ ಧೈರ್ಯ ಎಷ್ಟು ಆಸ್ಪತ್ರೆಗಳಿಗಿದೆ?

ಅವರು ಹಚ್ಚಿದ ಕಿಡಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಗೆ ತಾಗಿತು. ಅದು ಒಂದೇ ಪುಟದ ಕನಿಷ್ಠ ಮಾನದಂಡವನ್ನು ರೂಪಿಸಿತು. ರೋಗಿಗಳ ದಾಖಲೆ ಇರಬೇಕು, ಪ್ರಯೋಗಾಲಯವೂ ಎಕ್ಸ್-ರೇಯೂ ಇರಬೇಕು, ವೈದ್ಯರು ಸಭೆ ಸೇರಿ ತಮ್ಮ ಕೆಲಸವನ್ನು ಪರಿಶೀಲಿಸಿಕೊಳ್ಳಬೇಕು, ಇಂಥವು. ನೂರಕ್ಕೂ ಹೆಚ್ಚು ಹಾಸಿಗೆಗಳಿದ್ದ 692 ಆಸ್ಪತ್ರೆಗಳನ್ನು ನೋಡಿಬಂದಾಗ ತೇರ್ಗಡೆಯಾದವು 89 ಮಾತ್ರ. ಸೋತ ಪಟ್ಟಿಯಲ್ಲಿ ದೇಶದ ಹೆಸರಾಂತ ಆಸ್ಪತ್ರೆಗಳೇ ಇದ್ದವು. 1919ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿದ್ದಾಗ, ಪಟ್ಟಿ ಪತ್ರಿಕೆಗಳ ಕೈಸೇರಬಾರದೆಂದು ಅದನ್ನು ಆ ಹೋಟೆಲಿನ ಕುಲುಮೆಗೇ ಹಾಕಿ ಸುಟ್ಟರು. 1951ರಲ್ಲಿ ಈ ಕೆಲಸಕ್ಕಾಗಿಯೇ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಕಾಣುವ ಜೆಸಿಐ ಚಿಹ್ನೆ ಅದರ ಅಂತರರಾಷ್ಟ್ರೀಯ ಶಾಖೆಯದು.

ಪರೀಕ್ಷೆ ನಡೆಯುವ ವಿಧಾನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಟ್ರೇಸರ್. ಅಡಿಕೆ ತೋಟಕ್ಕೆ ನೀರು ಬಿಟ್ಟವನು ಕಾಲುವೆಯ ನಕ್ಷೆ ನೋಡುತ್ತ ಮನೆಯಲ್ಲಿ ಕೂರುವುದಿಲ್ಲ, ಗುದ್ದಲಿ ಹಿಡಿದು ನೀರಿನ ಜೊತೆಗೇ ನಡೆಯುತ್ತಾನೆ, ಎಲ್ಲಿ ಸೋರುತ್ತಿದೆಯೆಂದು ಆಗಲೇ ಗೊತ್ತಾಗುವುದು. ಪರೀಕ್ಷಕರೂ ಹಾಗೆಯೇ ಒಬ್ಬ ರೋಗಿಯನ್ನು ಆರಿಸಿಕೊಂಡು ಆಕೆಯ ದಾರಿಯಲ್ಲೇ ನಡೆಯುತ್ತಾರೆ. ಸೊಂಟದ ಮೂಳೆ ಮುರಿದು ದಾಖಲಾದ ಎಪ್ಪತ್ತರ ಅಜ್ಜಿ ಎಂದಿಟ್ಟುಕೊಳ್ಳಿ. ಪೆನಿಸಿಲಿನ್ ಒಗ್ಗುವುದಿಲ್ಲವೆಂದು ಮಗಳು ತುರ್ತು ವಿಭಾಗದಲ್ಲಿ ಹೇಳಿದ್ದಳು. ಆ ಮಾತು ಕೇಸ್ ಶೀಟಿಗೆ ಬಂದಿದೆಯೇ? ವಾರ್ಡಿಗೆ, ಔಷಧ ವಿಭಾಗಕ್ಕೆ, ಅರಿವಳಿಕೆ ಕೊಡುವ ವೈದ್ಯರಿಗೆ ತಲುಪಿದೆಯೇ? ಒಪ್ಪಿಗೆ ಪತ್ರ ಆಕೆಗೆ ಅರ್ಥವಾಗುವ ಭಾಷೆಯಲ್ಲಿತ್ತೇ, ಯಾರು ವಿವರಿಸಿದರು? ಎಡಗಾಲೋ ಬಲಗಾಲೋ ಎಂಬ ಗುರುತನ್ನು ಆಕೆ ಎಚ್ಚರವಿದ್ದಾಗಲೇ ಹಾಕಿದರೇ? ರಕ್ತದ ಚೀಲವನ್ನು ಇಬ್ಬರು ಸೇರಿ ತಾಳೆ ನೋಡಿದರೇ? ರಾತ್ರಿ ಪಾಳಿಗೆ ಬಂದ ದಾದಿಗೆ ಹಗಲಿನವರು ಏನು ಹೇಳಿ ಹೋದರು? ಸಾಂದ್ರ ಪೊಟ್ಯಾಸಿಯಂ ಕ್ಲೋರೈಡನ್ನು, ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಬಲ್ಲ ಆ ಸೀಸೆಯನ್ನು, ಎಲ್ಲಿ ಇಟ್ಟಿದ್ದೀರಿ? ಉತ್ತರಿಸಬೇಕಾದವರು ವೈದ್ಯಕೀಯ ನಿರ್ದೇಶಕರಲ್ಲ, ಆ ಹೊತ್ತಿಗೆ ವಾರ್ಡಿನಲ್ಲಿರುವ ದಾದಿ. ಎಷ್ಟೇ ಚೆಂದದ ಕಡತ ಸಿದ್ಧಪಡಿಸಿದ್ದರೂ ಅದು ಇಲ್ಲಿ ನೆರವಿಗೆ ಬರುವುದಿಲ್ಲ.

ಪರವಾನಗಿ, ನಿಯಂತ್ರಣ, ಮಾನ್ಯತೆಗಳನ್ನು ಬೆರೆಸಬಾರದೆಂದು ನಾನು ಇಷ್ಟು ಪಟ್ಟು ಹಿಡಿಯಲು ಒಂದು ಕಾರಣವಿದೆ. ಕಳೆದ ತಿಂಗಳು ಔಷಧ ಕೊಡುವುದರಲ್ಲಿ ಎಷ್ಟು ತಪ್ಪುಗಳಾದವು ಎಂದು ಇಬ್ಬರು ಕೇಳುತ್ತಾರೆನ್ನಿ. ಕೇಳುವವರು ಬೀಗ ಹಾಕುವ ಅಧಿಕಾರವಿರುವ ಅಧಿಕಾರಿಯಾದರೆ 'ಒಂದೂ ಇಲ್ಲ' ಎಂಬುದೇ ಎಲ್ಲರ ಬಾಯಿಗೆ ಬರುವ ಉತ್ತರ. ಮಾನ್ಯತೆಯ ಪರೀಕ್ಷಕರಿಗೆ ಅದೇ ಉತ್ತರ ಕೊಟ್ಟರೆ ಅವರ ಹುಬ್ಬು ಮೇಲೇರುತ್ತದೆ, ಏಕೆಂದರೆ ದಿನಕ್ಕೆ ಸಾವಿರಾರು ಮಾತ್ರೆ, ಚುಚ್ಚುಮದ್ದು ಕೊಡುವ ಕಡೆ ತಪ್ಪೇ ಇಲ್ಲವೆಂದರೆ ತಪ್ಪನ್ನು ಯಾರೂ ಬರೆದಿಡುತ್ತಿಲ್ಲವೆಂದೇ ಅರ್ಥ. ಶಿಕ್ಷೆಯ ಭಯವಿಲ್ಲದ ಕಡೆ ಮಾತ್ರ ದಾದಿ 'ನಿನ್ನೆ ಡೋಸ್ ಹೆಚ್ಚಾಗುವುದರಲ್ಲಿತ್ತು' ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾಳೆ. ಅಪರಾಧ ಹಿಡಿಯಲು ಭಯ ಬೇಕು, ತಪ್ಪಿನಿಂದ ಕಲಿಯಲು ನಿರ್ಭಯ ಬೇಕು. ಒಂದೇ ಕೈ ಎರಡನ್ನೂ ಮಾಡಲಾರದು.

ಆದರೂ ಬೆರೆಸುವ ಒತ್ತಡ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ 1965ರಲ್ಲಿ ಹಿರಿಯರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಬಂದಾಗ, ಜಾಯಿಂಟ್ ಕಮಿಷನ್ನಿನ ಮಾನ್ಯತೆಯಿದ್ದರೆ ಸರ್ಕಾರದ ಷರತ್ತುಗಳನ್ನು ಪೂರೈಸಿದಂತೆಯೇ ಎಂದು ಪರಿಗಣಿಸಿದರು. ಇಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಎನ್‌ಎಬಿಎಚ್ ಇರುವ ಆಸ್ಪತ್ರೆಗೆ ಚಿಕಿತ್ಸಾ ದರದ ಮೇಲೆ ಹೆಚ್ಚುವರಿ ಮೊತ್ತ ಸಿಗುತ್ತದೆ. ಪ್ರೋತ್ಸಾಹ ಕೊಡುವುದು ಒಳ್ಳೆಯದೇ. ಆದರೆ ಪತ್ರಕ್ಕೆ ಬೆಲೆ ಕಟ್ಟಿದಷ್ಟೂ ಪತ್ರಕ್ಕಾಗಿ ಮಾತ್ರ ದುಡಿಯುವವರು ಹೆಚ್ಚುತ್ತಾರೆ, ರಿಜಿಸ್ಟರ್ ಮತ್ತೆ ಖಾಲಿಯಾಗುತ್ತದೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 4,400 ಆಸ್ಪತ್ರೆಗಳನ್ನು ಹೋಲಿಸಿತು. ಖಾಸಗಿ ಮಾನ್ಯತೆ ಪಡೆದವಕ್ಕೂ ರಾಜ್ಯ ಸರ್ಕಾರದ ತಪಾಸಣೆಗೆ ಮಾತ್ರ ಒಳಪಟ್ಟವಕ್ಕೂ ಮೂವತ್ತು ದಿನಗಳೊಳಗಿನ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಾನ್ಯತೆ ವ್ಯರ್ಥವೆಂದು ನಾನು ಇದನ್ನು ಓದುವುದಿಲ್ಲ. ಮಾನ್ಯತೆಯಿದೆಯೆಂದು ಸರ್ಕಾರ ತಪಾಸಣೆಯಿಂದ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಮಾತ್ರ ಇದರಿಂದ ಸ್ಪಷ್ಟ.

ಹಾಗಾಗಿ ಬಿಲ್ಲಿನ ತಕರಾರು, ಶವ ತಡೆಹಿಡಿದ ದೂರು ಇದ್ದರೆ ಎನ್‌ಎಬಿಎಚ್‌ಗೆ ಬರೆದು ಕಾಯುತ್ತ ಕೂರಬೇಡಿ. ಅದು ಜಿಲ್ಲಾಧಿಕಾರಿಗಳ ಪ್ರಾಧಿಕಾರಕ್ಕೆ ಹೋಗಬೇಕಾದ ದೂರು. ವೈದ್ಯರ ವೃತ್ತಿನಡತೆಯ ಬಗ್ಗೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಇನ್ನು ಎನ್‌ಎಬಿಎಚ್ ಲಾಂಛನ ಕಂಡಾಗ ಅದರಡಿಯ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ವಿಳಾಸವಿರುತ್ತದೆ, ಅವಧಿ ಮುಗಿಯುವ ದಿನಾಂಕವಿರುತ್ತದೆ. ಮಾನ್ಯತೆ ಕೊಡುವುದು ಆ ಕಟ್ಟಡಕ್ಕೆ, ಅಲ್ಲಿನ ಸೇವೆಗಳಿಗೆ. ಒಂದೇ ಹೆಸರಿನ ಆಸ್ಪತ್ರೆಗೆ ಜಯನಗರದಲ್ಲಿ ಅದು ಇದ್ದು ವೈಟ್‌ಫೀಲ್ಡಿನ ಶಾಖೆಗೆ ಇಲ್ಲದಿರಬಹುದು. ರಕ್ತಪರೀಕ್ಷೆಯ ಪ್ರಯೋಗಾಲಯಗಳಿಗೆ ಎನ್‌ಎಬಿಎಲ್ ಕೊಡುವ ಮಾನ್ಯತೆಯಲ್ಲಂತೂ ಯಾವ ಯಾವ ಪರೀಕ್ಷೆಗೆ ಎಂಬ ಪಟ್ಟಿಯೇ ಇರುತ್ತದೆ. ಅದು ಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ನೋಡಸಿಗುತ್ತದೆ. ನಿಮ್ಮ ವೈದ್ಯರು ಬರೆದುಕೊಟ್ಟ ಪರೀಕ್ಷೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಲು ಐದು ನಿಮಿಷ ಸಾಕು.