ಕೊನೆ ಭಾಗದ ಮನಸ್ಸು

ಮಾನ್ವಿ ಕಡೆ ನಮ್ಮ ಕಾಕಾನ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಮೇಲಿನವರು ಭತ್ತದ ನಾಟಿ ಮುಗಿಸಿದರೂ ಇಲ್ಲಿ ಕಾಲುವೆಯ ತಳ ಒದ್ದೆಯಾಗಿರುವುದಿಲ್ಲ. ಇದು ಕಣ್ಣಿಗೆ ಕಾಣುವ ಅನ್ಯಾಯ, ಕಾಕಾನ ಭ್ರಮೆಯಲ್ಲ. ಆದರೆ ಈಗೀಗ ಎಲ್ಲಕ್ಕೂ ಅದೇ ರಾಗ. ಮಗ ಫೋನ್ ಮಾಡದಿದ್ದರೂ, ಮದುವೆ ಪಂಕ್ತಿಯಲ್ಲಿ ಹೋಳಿಗೆ ತಡವಾದರೂ, “ನಾವು ಕೊನೀ ಮಂದಿ, ನಮ್ಮನ್ನ ಯಾರ್ ಕೇಳ್ತಾರ ಬಿಡು.”

ಇಸ್ರೇಲಿನ ಮನೋವಿಜ್ಞಾನಿ ರಹಾವ್ ಗಬಾಯ್ ಮತ್ತು ಸಂಗಡಿಗರು 2020ರಲ್ಲಿ, ಸದಾ ತನಗೇ ಅನ್ಯಾಯವಾಗುತ್ತದೆ ಎಂದುಕೊಳ್ಳುವ ಈ ಸ್ವಭಾವಕ್ಕೆ ನಾಲ್ಕು ಗುರುತು ಹೇಳಿದರು: ತನ್ನ ನೋವನ್ನು ಎಲ್ಲರೂ ಒಪ್ಪಲೇಬೇಕೆಂಬ ಹಂಬಲ, ತಾನೇ ನೀತಿವಂತನೆಂಬ ನಂಬಿಕೆ, ಬೇರೆಯವರ ನೋವು ಕಾಣದಿರುವುದು, ಹಳೆಯದನ್ನೇ ಮೆಲುಕು ಹಾಕುವುದು. ಕಾಕಾನಲ್ಲಿ ಮೊದಲನೆಯದೂ ಕೊನೆಯದೂ ಹೇರಳ. ಮೂರನೆಯದನ್ನು ಕಾಕೂನೇ ಹೇಳಬೇಕು.

“ಧೈರ್ಯ ತಗೋ” ಅಂದರೆ ಇಂಥವರು ಯಾಕೆ ಮೇಲೇಳುವುದಿಲ್ಲ? ಅಮೆರಿಕದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇಂದಿನ ಕಣ್ಣಿಗೆ ಅದು ಕ್ರೂರವೇ. ಎರಡು ಗುಂಪಿನ ನಾಯಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಶಾಕ್. ಒಂದು ಗುಂಪು ತಲೆಯಿಂದ ಹಲಗೆ ಒತ್ತಿ ಅದನ್ನು ನಿಲ್ಲಿಸಬಹುದಿತ್ತು, ಇನ್ನೊಂದು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಗಿಡ್ಡ ತಡೆ ಹಾರಿದರೆ ಸಾಕು ಎನ್ನುವಂಥ ಪೆಟ್ಟಿಗೆಯಲ್ಲಿ ಬಿಟ್ಟಾಗ, ಎರಡನೇ ಗುಂಪಿನ ಹೆಚ್ಚಿನವು ಹಾರದೆ ಸುಮ್ಮನೆ ಸಹಿಸಿದವು. ಮರುವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಹೀಗೆ ಸುಮ್ಮನಾದ ನಾಯಿಗಳಲ್ಲಿ ಹೆಚ್ಚಿನವು ಆಚೆ ಬದಿಯಿಂದ ಕರೆದರೂ ಕದಲಲಿಲ್ಲ. ಹಗ್ಗ ಕಟ್ಟಿ ಮತ್ತೆ ಮತ್ತೆ ಆಚೆಗೆ ಎಳೆದು ದಾಟಿಸಿದ ಮೇಲೆಯೇ ತಾವಾಗಿ ಹಾರತೊಡಗಿದವು.

ಅಸಹಾಯಕತೆಯನ್ನು ಅವು ಕಲಿತವು ಎಂದೇ ಆಗ ವಿವರಿಸಿದ್ದರು. 2016ರಲ್ಲಿ ಅದೇ ಇಬ್ಬರು ತಮ್ಮ ವಿವರಣೆಯನ್ನು ತಾವೇ ತಿರುಗಿಸಿದರು. ದೀರ್ಘ ಕಷ್ಟದೆದುರು ಸುಮ್ಮನಾಗುವುದು ಮಿದುಳಿನ ಮೂಲ ಸ್ವಭಾವ. ಕಲಿಯಬೇಕಾದದ್ದು “ನನ್ನ ಕೈಲಿ ಏನೋ ಇದೆ” ಎಂಬುದನ್ನು. ಆ ಸುಳಿವು ಸಿಕ್ಕಾಗ ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ಮಿದುಳುಕಾಂಡದಿಂದ ಬರುವ ಆ ಜಡತೆಗೆ ಕಡಿವಾಣ ಹಾಕುತ್ತದೆ.

ಇದನ್ನು ಓದಿದ ಮೇಲೆ ನಾನು ಉಪದೇಶ ಬಿಟ್ಟೆ. “ಹೌದು ಕಾಕಾ, ನಿನಗ ಅನ್ಯಾಯ ಆಗ್ಯಾದ” ಅಂದೆ. ವಾದಕ್ಕೆ ಸಿದ್ಧವಾಗಿದ್ದ ಮುದುಕ ಗಲಿಬಿಲಿಯಾದ. ಆಮೇಲೆ ಮೊಮ್ಮಗಳ ಹಳೆ ನೋಟ್‌ಬುಕ್ ಕೊಟ್ಟು, ನೀರು ಬಂದ ದಿನ, ನಿಂತ ದಿನ ಬರೆಯಲು ಹೇಳಿದೆ. ಅಷ್ಟೇ.

2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ, “ಪಾಪ, ಮ್ಯಾಲಿನವ್ರಿಗೂ ನಿದ್ದಿ ಇಲ್ಲ” ಅಂದಿದ್ದ. ಆ “ಪಾಪ” ನನಗೆ ಹೊಸದು.

ಮೊನ್ನೆ ಅಕ್ಕಪಕ್ಕದ ಹೊಲದವರೊಂದಿಗೆ ಅದೇ ನೋಟ್‌ಬುಕ್ ಹಿಡಿದು ಕಚೇರಿಗೆ ಹೋಗಿ, ತಾರೀಕು ಓದಿ ಹೇಳಿ ಬಂದಿದ್ದಾನೆ. ಏನಾಯಿತು ಅಂತ ಕೇಳಿದರೆ, “ಎಲ್ಲರಿಗೂ ಚಾ ಕೊಟ್ಟು, ನನಗ ಕೊನೀಗಿ ಕೊಟ್ರು ನೋಡು.”